ವಿಸ್ತಾದಿಂದ ಎಕ್ಸ್‌ಪಿಗೆ: ಹಿಂದಿರುಗಿದವರ ಚರಿತ್ರೆ

ತಂತ್ರಜ್ಞಾನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮುನ್ನಡೆಯ ಚರಿತ್ರೆಯಾಗಿಯೇ ಓದುತ್ತೇವೆ. ಹೊಸದು ಬಂದಿತು, ಹಳೆಯದು ಮೂಲೆಗುಂಪಾಯಿತು ಎಂಬುದೇ ಪಠ್ಯಪುಸ್ತಕಗಳ ಧಾಟಿ. ಆದರೆ ಕಂಪ್ಯೂಟರಿನ ಇತಿಹಾಸದಲ್ಲಿ 2007ರಿಂದ 2010ರವರೆಗಿನ ಅವಧಿ ಈ ಧಾಟಿಗೆ ಒಗ್ಗುವುದಿಲ್ಲ. ಆ ವರ್ಷಗಳಲ್ಲಿ ಜಗತ್ತಿನ ನಾನಾ ಕಡೆ ಜನರು ಹೊಸ ಲ್ಯಾಪ್‌ಟಾಪ್ ಖರೀದಿಸಿ ಮನೆಗೆ ತಂದು, ಅದರಲ್ಲಿದ್ದ ಹೊಚ್ಚ ಹೊಸ ವಿಂಡೋಸ್ ವಿಸ್ತಾವನ್ನು ಅಳಿಸಿ, ಐದಾರು ವರ್ಷ ಹಳೆಯದಾದ ವಿಂಡೋಸ್ ಎಕ್ಸ್‌ಪಿಯನ್ನು ಹಾಕಿಸಿಕೊಂಡರು. ಇದಕ್ಕೆ ಡೌನ್‌ಗ್ರೇಡ್ ಎಂದು ಹೆಸರು. ಕೆಳಗಿಳಿಯುವುದು ಎಂಬ ಅರ್ಥ ಆ ಹೆಸರಿನಲ್ಲೇ ಇದೆ. ಇಳಿದವರಿಗೆ ಮಾತ್ರ ತಾವು ಇಳಿದೆವು ಎಂದು ಅನಿಸಲಿಲ್ಲ. ಕೊಟ್ಟ ಹಣಕ್ಕೆ ಯಂತ್ರ ಕೊನೆಗೂ ಕೆಲಸಕ್ಕೆ ಬಂತು ಎಂದುಕೊಂಡರು.

ಇದನ್ನು ಬರಿಯ ತಾಂತ್ರಿಕ ವಿಚಾರವೆಂದು ಬದಿಗಿಡುವಂತಿಲ್ಲ. ನಾವು ಕೊಂಡ ಯಂತ್ರದೊಳಗೆ ಏನಿರಬೇಕೆಂದು ತೀರ್ಮಾನಿಸುವವರು ಯಾರು? ಹಿಂದಕ್ಕೆ ಹೋಗುವ ಅನುಮತಿ ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ? ಕಂಪ್ಯೂಟರ್ ಕಲಿಯುವ ನಮ್ಮ ವಿದ್ಯಾರ್ಥಿಗಳು ಈ ಪ್ರಶ್ನೆಗಳನ್ನು ಒಮ್ಮೆಯಾದರೂ ಕೇಳಿಕೊಳ್ಳಬೇಕು.

ಐದು ವರ್ಷಗಳ ಅಂತರ

ಆಪರೇಟಿಂಗ್ ಸಿಸ್ಟಮ್ ಎಂದರೆ ಯಂತ್ರಕ್ಕೂ ನಮಗೂ ನಡುವೆ ನಿಂತು ಎಲ್ಲ ಕೆಲಸಗಳನ್ನು ನಡೆಸುವ ಮೂಲ ತಂತ್ರಾಂಶ. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಎಕ್ಸ್‌ಪಿ 2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ಬಂದಿತು. ಅದರ ಉತ್ತರಾಧಿಕಾರಿಯಾದ ವಿಸ್ತಾ ಸಾಮಾನ್ಯ ಗ್ರಾಹಕರ ಕೈಗೆ ಸಿಕ್ಕಿದ್ದು 2007ರ ಜನವರಿ 30ರಂದು. ಅದುವರೆಗೆ ಎರಡು ಮೂರು ವರ್ಷಕ್ಕೊಮ್ಮೆ ಹೊಸ ವಿಂಡೋಸ್ ತರುತ್ತಿದ್ದ ಕಂಪನಿ ಈ ಬಾರಿ ಐದು ವರ್ಷಕ್ಕೂ ಮಿಕ್ಕಿ ತಡ ಮಾಡಿತು.

ತಡಕ್ಕೆ ಕಾರಣಗಳಿದ್ದವು. ಲಾಂಗ್‌ಹಾರ್ನ್ ಎಂಬ ಗುಪ್ತನಾಮದಲ್ಲಿ ಆರಂಭವಾದ ಯೋಜನೆ ಅತಿಯಾದ ಮಹತ್ವಾಕಾಂಕ್ಷೆಯಿಂದ ಕಗ್ಗಂಟಾಯಿತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವರ್ಮ್ ಎಕ್ಸ್‌ಪಿ ಯಂತ್ರಗಳನ್ನು ಕಾಡಿದಾಗ, ಹೊಸದನ್ನು ಕಟ್ಟುತ್ತಿದ್ದ ಎಂಜಿನಿಯರುಗಳನ್ನು ಹಳೆಯದರ ರಕ್ಷಣೆಗೆ ತಿರುಗಿಸಬೇಕಾಯಿತು. ಅದರ ಫಲವೇ 2004ರ ಆಗಸ್ಟ್‌ನಲ್ಲಿ ಬಂದ ಎಕ್ಸ್‌ಪಿಯ ಎರಡನೇ ಸರ್ವೀಸ್ ಪ್ಯಾಕ್. ಅದೇ ತಿಂಗಳು ಲಾಂಗ್‌ಹಾರ್ನ್‌ನ ಕೆಲಸವನ್ನು ಬಹುಮಟ್ಟಿಗೆ ಬದಿಗೊತ್ತಿ ಬೇರೆ ಬುನಾದಿಯ ಮೇಲೆ ಮರಳಿ ಆರಂಭಿಸಲಾಯಿತು.

ಈ ಐದು ವರ್ಷಗಳಲ್ಲಿ ಎಕ್ಸ್‌ಪಿ ಜನರ ಕೈಗೆ ಒಗ್ಗಿಹೋಯಿತು. ಯಾವ ಪ್ರಿಂಟರ್ ಕೊಂಡರೂ ಅದಕ್ಕೆ ಎಕ್ಸ್‌ಪಿಯ ಸಿ.ಡಿ. ಇರುತ್ತಿತ್ತು. ಕಚೇರಿಗಳ ಲೆಕ್ಕಪತ್ರದ ತಂತ್ರಾಂಶ, ಕಾಲೇಜು ಪ್ರಯೋಗಾಲಯಗಳ ತಂತ್ರಾಂಶ, ಮುದ್ರಣಾಲಯಗಳ ಪೇಜ್‌ಮೇಕರ್ ಎಲ್ಲವೂ ಅದರ ಮೇಲೆ ನಿಂತಿದ್ದವು. ಅಡೋಬಿ ಕಂಪನಿಯ ಪೇಜ್‌ಮೇಕರ್ 2001ರ ಏಳನೇ ಆವೃತ್ತಿಗೇ ನಿಂತುಹೋಗಿತ್ತು. ಹೊಸ ವಿಂಡೋಸಿಗೆ ಅದನ್ನು ಹೊಂದಿಸುವವರು ಯಾರೂ ಇರಲಿಲ್ಲ. ನಮ್ಮ ಊರುಗಳಲ್ಲಿ ಆಮಂತ್ರಣ ಪತ್ರಿಕೆಯಿಂದ ಹಿಡಿದು ಸಂಘದ ವಾರ್ಷಿಕ ಸಂಚಿಕೆಯವರೆಗೆ ಎಷ್ಟೋ ಪುಟಗಳು ಅದರಲ್ಲೇ ಸಿದ್ಧವಾಗುತ್ತಿದ್ದವು ಎಂಬುದನ್ನು ಡಿಟಿಪಿ ಮಾಡುವ ಸಹೋದರರು ಬಲ್ಲರು.

ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ಮೆಮೊರಿ ಇದ್ದರೆ ಸಾಕೆಂದು ಕಂಪನಿಯೇ ಹೇಳಿತ್ತು. ವಿಸ್ತಾಕ್ಕೆ ಬೇಕಾದದ್ದು ಕನಿಷ್ಠ 512 ಎಂಬಿ, ಅಂದರೆ ಎಂಟು ಪಟ್ಟು. ಅದರ ಗಾಜಿನಂತೆ ಹೊಳೆಯುವ ಏರೋ ಎಂಬ ನೋಟ ಬೇಕಿದ್ದರೆ 1 ಜಿಬಿ ಮೆಮೊರಿ, ಜೊತೆಗೆ ಬಲವಾದ ಗ್ರಾಫಿಕ್ಸ್ ಬೇಕು. ಕಾಗದದ ಮೇಲೆ 512 ಎಂಬಿ ಎಂದು ಬರೆಯುವುದು ಸುಲಭ. ಅಷ್ಟೇ ಮೆಮೊರಿಯ ಅಗ್ಗದ ಲ್ಯಾಪ್‌ಟಾಪಿನಲ್ಲಿ ವಿಸ್ತಾ ತೆರೆದುಕೊಳ್ಳುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು.

ಇನ್ನೊಂದು ತೊಡಕು ಡ್ರೈವರುಗಳದ್ದು. ಡ್ರೈವರ್ ಎಂದರೆ ಯಂತ್ರದ ಒಂದೊಂದು ಭಾಗಕ್ಕೂ ಆಪರೇಟಿಂಗ್ ಸಿಸ್ಟಮಿಗೂ ನಡುವೆ ಇರುವ ದುಭಾಷಿ. ವಿಸ್ತಾ ಗ್ರಾಫಿಕ್ಸ್ ಮತ್ತು ಧ್ವನಿಯ ಒಳವ್ಯವಸ್ಥೆಯನ್ನು ಬದಲಿಸಿದ್ದರಿಂದ ಹಳೆಯ ದುಭಾಷಿಗಳ ಮಾತು ಅದಕ್ಕೆ ತಿಳಿಯದಾಯಿತು. ಚೆನ್ನಾಗಿ ನಡೆಯುತ್ತಿದ್ದ ಸ್ಕ್ಯಾನರುಗಳು, ಪ್ರಿಂಟರುಗಳು ಒಮ್ಮೆಲೇ ಮೌನ ತಾಳಿದವು.

ಒಂದು ಸ್ಟಿಕರಿನ ಮೊಕದ್ದಮೆ

ವಿಸ್ತಾ ಬರುವ ಮುನ್ನವೇ, 2006ರಲ್ಲಿ, ಅಂಗಡಿಗಳಲ್ಲಿದ್ದ ಎಕ್ಸ್‌ಪಿ ಲ್ಯಾಪ್‌ಟಾಪುಗಳ ಮೇಲೆ ಒಂದು ಸ್ಟಿಕರ್ ಕಾಣಿಸಿಕೊಂಡಿತು. ಈ ಯಂತ್ರ ವಿಸ್ತಾಕ್ಕೆ ಸಮರ್ಥ ಎಂಬುದು ಅದರ ಸಾರ. ಗ್ರಾಹಕರು ನಂಬಿ ಕೊಂಡರು. ಆದರೆ ಅವುಗಳಲ್ಲಿ ಹಲವು ಯಂತ್ರಗಳು ವಿಸ್ತಾದ ಕೆಳಗಿನ ಆವೃತ್ತಿಯಾದ ಹೋಮ್ ಬೇಸಿಕನ್ನು ಮಾತ್ರ ನಡೆಸಬಲ್ಲವಾಗಿದ್ದವು. ಜಾಹೀರಾತುಗಳಲ್ಲಿ ತೋರಿಸಿದ ಏರೋ ಅದರಲ್ಲಿ ಇರಲೇ ಇಲ್ಲ. 2007ರಲ್ಲಿ ಅಮೆರಿಕದ ಸಿಯಾಟಲ್ ನಗರದ ಫೆಡರಲ್ ನ್ಯಾಯಾಲಯದಲ್ಲಿ ಗ್ರಾಹಕರು ದಾವೆ ಹೂಡಿದರು.

ಮೊಕದ್ದಮೆಯ ಕುತೂಹಲಕರ ಭಾಗ ತೀರ್ಪಿಗಿಂತ ಮೊದಲೇ ಬಂತು. 2008ರ ಫೆಬ್ರವರಿಯಲ್ಲಿ ನ್ಯಾಯಾಧೀಶೆ ಮಾರ್ಷಾ ಪೆಕ್‌ಮನ್ ಅವರ ಆದೇಶದಂತೆ ಕಂಪನಿಯ ಒಳಗಿನ ಇ-ಮೇಲ್‌ಗಳು ಬಹಿರಂಗವಾದವು. ಮೈಕ್ರೋಸಾಫ್ಟಿನ ಉಪಾಧ್ಯಕ್ಷರಲ್ಲೊಬ್ಬರಾಗಿದ್ದ ಮೈಕ್ ನ್ಯಾಶ್ ಸ್ವತಃ ಆ ಸ್ಟಿಕರ್ ನೋಡಿ ಲ್ಯಾಪ್‌ಟಾಪ್ ಕೊಂಡಿದ್ದರು. ತಮ್ಮ ಬಳಿ ಈಗ ಇರುವುದು 2,100 ಡಾಲರಿನ ಇ-ಮೇಲ್ ಯಂತ್ರ ಎಂದು ಅವರು ಬೇಸರದಿಂದ ಬರೆದಿದ್ದರು. ಇಂಟೆಲ್ ಕಂಪನಿಯ 915 ಎಂಬ ಹಳೆಯ ಚಿಪ್‌ಸೆಟ್ ಮಾರಾಟವಾಗಿ ಅದರ ತ್ರೈಮಾಸಿಕ ಗಳಿಕೆಗೆ ನೆರವಾಗಲೆಂದು ಅರ್ಹತೆಯ ಮಟ್ಟವನ್ನು ಇಳಿಸಲಾಯಿತು ಎಂಬರ್ಥದ ಮಾತು ಮತ್ತೊಬ್ಬ ಅಧಿಕಾರಿಯ ಪತ್ರದಲ್ಲಿತ್ತು. ತನ್ನ ಲೆಕ್ಕಾಚಾರ ಆ ಅಧಿಕಾರಿಗೆ ತಿಳಿದಿರಲು ಸಾಧ್ಯವಿಲ್ಲವೆಂದು ಇಂಟೆಲ್ ಉತ್ತರಿಸಿತು. ಮುಂದಿನ ವರ್ಷ, 2009ರ ಫೆಬ್ರವರಿಯಲ್ಲಿ, ಗ್ರಾಹಕರೆಲ್ಲ ಒಂದು ಗುಂಪಾಗಿ ದಾವೆ ನಡೆಸಲು ಇದ್ದ ಅವಕಾಶವನ್ನು ಅದೇ ನ್ಯಾಯಾಲಯ ಹಿಂತೆಗೆದುಕೊಂಡಿತು. ಕಾನೂನಿನಲ್ಲಿ ಗ್ರಾಹಕರಿಗೆ ಹೆಚ್ಚೇನೂ ದಕ್ಕಲಿಲ್ಲ. ಸ್ಟಿಕರ್ ಅಂಟಿಸಿದವರಿಗೇ ಅದರ ಮೇಲೆ ಭರವಸೆ ಇರಲಿಲ್ಲ ಎಂಬುದು ಮಾತ್ರ ದಾಖಲೆಯಲ್ಲಿ ಉಳಿಯಿತು.

ಹಕ್ಕು ಯಾರಿಗೆ?

ಇಷ್ಟಾದ ಮೇಲೆ ಜನರು ಎಕ್ಸ್‌ಪಿಯ ಕಡೆ ತಿರುಗಿದ್ದು ಸಹಜ. ಹಾಗೆ ತಿರುಗಲು ಕಂಪನಿಯ ಪರವಾನಗಿ ಪತ್ರದಲ್ಲಿ ಅವಕಾಶವೂ ಇತ್ತು. ಅದಕ್ಕೆ ಡೌನ್‌ಗ್ರೇಡ್ ಹಕ್ಕು ಎಂದೇ ಹೆಸರು. ಹೊಸ ಲ್ಯಾಪ್‌ಟಾಪಿನೊಂದಿಗೆ ವಿಸ್ತಾ ಬಿಸಿನೆಸ್ ಅಥವಾ ವಿಸ್ತಾ ಅಲ್ಟಿಮೇಟ್ ಪಡೆದವರು ಬೇರೆ ಪರವಾನಗಿ ಕೊಳ್ಳದೆ ಎಕ್ಸ್‌ಪಿ ಪ್ರೊಫೆಷನಲ್ ಬಳಸಬಹುದಿತ್ತು. ಹೋಮ್ ಬೇಸಿಕ್ ಮತ್ತು ಹೋಮ್ ಪ್ರೀಮಿಯಂ ಪಡೆದವರಿಗೆ ಈ ಹಕ್ಕು ಇರಲಿಲ್ಲ.

ಓದುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಬಿಸಿನೆಸ್ ಮತ್ತು ಅಲ್ಟಿಮೇಟ್ ಇರುತ್ತಿದ್ದದ್ದು ದುಬಾರಿ ಯಂತ್ರಗಳಲ್ಲಿ. ಅವುಗಳಲ್ಲಿ ಮೆಮೊರಿ ಧಾರಾಳವಾಗಿರುತ್ತಿತ್ತು. ವಿಸ್ತಾ ಅಲ್ಲಿ ಹೇಗೋ ನಡೆಯುತ್ತಿತ್ತು. ಹೋಮ್ ಬೇಸಿಕ್ ಇರುತ್ತಿದ್ದದ್ದು ವಿದ್ಯಾರ್ಥಿಯೊಬ್ಬನ ತಂದೆ ಸಾಲ ಮಾಡಿಯೋ ಕಂತು ಕಟ್ಟಿಯೋ ಕೊಡಿಸುವಂಥ ಅಗ್ಗದ ಯಂತ್ರಗಳಲ್ಲಿ. ಹಿಂದಕ್ಕೆ ಹೋಗುವ ಅಗತ್ಯ ನಿಜವಾಗಿ ಇದ್ದದ್ದು ಅವನಿಗೆ. ಅಗತ್ಯ ಇದ್ದವನಿಗೆ ಹಕ್ಕಿಲ್ಲ, ಹಕ್ಕು ಇದ್ದವನಿಗೆ ಅಷ್ಟೊಂದು ಅಗತ್ಯವಿಲ್ಲ. ದೊಡ್ಡ ಕಂಪನಿಗಳಿಗೆ ಸಾವಿರಾರು ಯಂತ್ರಗಳಲ್ಲಿ ಒಂದೇ ಬಗೆಯ ವಿಂಡೋಸ್ ಬೇಕಾಗುತ್ತದೆ, ಆದ್ದರಿಂದ ಈ ಹಕ್ಕು ಅವರಿಗಾಗಿ ರೂಪುಗೊಂಡಿತು ಎಂಬ ಸಮರ್ಥನೆ ಇದೆ. ಅದು ಸುಳ್ಳಲ್ಲ. ಆದರೂ ವಿದ್ಯಾರ್ಥಿಯ ಪಾಲಿಗೆ ಅದು ಉತ್ತರವಾಗುವುದಿಲ್ಲ.

ಹಕ್ಕಿದ್ದವರಿಗೂ ದಾರಿ ಹೂವಿನದಾಗಿರಲಿಲ್ಲ. ಎಕ್ಸ್‌ಪಿಯ ಸಿ.ಡಿ.ಯನ್ನೂ ಅದರ ಕೀಲಿ ಸಂಖ್ಯೆಯನ್ನೂ ಅವರೇ ಹೊಂದಿಸಿಕೊಳ್ಳಬೇಕಿತ್ತು. ಆ ಸಂಖ್ಯೆ ಈಗಾಗಲೇ ಬೇರೊಂದು ಯಂತ್ರದಲ್ಲಿ ಬಳಕೆಯಾಗಿದ್ದರೆ ಕಂಪನಿಗೆ ಫೋನ್ ಮಾಡಿ, ತಾನು ಹಕ್ಕಿನ ಪ್ರಕಾರವೇ ಹಿಂದಿರುಗುತ್ತಿದ್ದೇನೆಂದು ವಿವರಿಸಬೇಕಿತ್ತು. ತಯಾರಕರೇ ಎಕ್ಸ್‌ಪಿ ಹಾಕಿಕೊಡುವ ವ್ಯವಸ್ಥೆ ಬಂದ ಮೇಲೆ ಅದಕ್ಕೆ ಶುಲ್ಕವೂ ಬಂತು. 2009ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಒಬ್ಬ ಗ್ರಾಹಕಿ, ಹೊಸ ಲ್ಯಾಪ್‌ಟಾಪಿನಲ್ಲಿ ವಿಸ್ತಾದ ಬದಲು ಎಕ್ಸ್‌ಪಿ ಪಡೆಯಲು ತಾನು 59.25 ಡಾಲರ್ ಹೆಚ್ಚುವರಿಯಾಗಿ ತೆರಬೇಕಾಯಿತೆಂದು ಮೈಕ್ರೋಸಾಫ್ಟ್ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಡೌನ್‌ಗ್ರೇಡಿಗಾಗಿ ತಾನು ಪ್ರತ್ಯೇಕ ಹಣ ಪಡೆಯುವುದಿಲ್ಲ ಎಂದು ಕಂಪನಿ ಹೇಳಿಕೊಂಡಿತು. ಹಣ ಯಾರ ಜೇಬು ಸೇರಿದರೂ ಕೊಟ್ಟವರು ಗ್ರಾಹಕರೇ.

ನಮ್ಮ ಕಡೆ ಬಹಳಷ್ಟು ಮಂದಿ ಪರವಾನಗಿಯ ಪ್ರಶ್ನೆಯನ್ನೇ ಎತ್ತಲಿಲ್ಲ. ಅಂಗಡಿಯಾತನ ಬಳಿ ಒಂದು ಎಕ್ಸ್‌ಪಿ ಸಿ.ಡಿ. ಇರುತ್ತಿತ್ತು. ಸಿ.ಡಿ.ಯ ಮೇಲೆ ಮಾರ್ಕರ್ ಪೆನ್ನಿನಿಂದ ಬರೆದ ಒಂದು ಸಂಖ್ಯೆ ಇರುತ್ತಿತ್ತು. ಅದೇ ಸಿ.ಡಿ. ಊರಿನ ನೂರಾರು ಯಂತ್ರಗಳಿಗೆ ಸಾಕಾಗುತ್ತಿತ್ತು. ಇದರ ಸರಿ ತಪ್ಪನ್ನು ಓದುಗರ ಆತ್ಮಸಾಕ್ಷಿಗೆ ಬಿಡುತ್ತೇನೆ. ಒಂದು ಮಾತನ್ನಂತೂ ಹೇಳಬೇಕು: ಹಣ ತೆತ್ತು ವಿಸ್ತಾ ಪಡೆದಿದ್ದ ಪ್ರಾಮಾಣಿಕ ಗ್ರಾಹಕನೂ ಹೀಗೆ ಕಳ್ಳಪ್ರತಿಯ ಬಳಕೆದಾರನಾದ.

ಹಿಂದಿರುಗುವ ದಾರಿ

ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನೂ ದಾಖಲಿಸುವುದು ಒಳ್ಳೆಯದು, ಏಕೆಂದರೆ ಇಂದಿನ ವಿದ್ಯಾರ್ಥಿಗಳಿಗೆ ಇದು ಹಳೆಯ ಕಾಲದ ಕಥೆ.

ಲ್ಯಾಪ್‌ಟಾಪಿನೊಂದಿಗೆ ವಿಸ್ತಾದ ಡಿ.ವಿ.ಡಿ. ಕೊಡದೆ, ಹಾರ್ಡ್ ಡಿಸ್ಕಿನ ಒಂದು ಮರೆಯ ಭಾಗದಲ್ಲಿ ಅದರ ಪ್ರತಿಯನ್ನು ಇಟ್ಟಿರುವುದು ಆಗ ಸಾಮಾನ್ಯವಾಗಿತ್ತು. ತಿಳಿದವರು ಮೊದಲು ಅದನ್ನು ಖಾಲಿ ಡಿ.ವಿ.ಡಿ.ಗಳಿಗೆ ಇಳಿಸಿಕೊಳ್ಳುತ್ತಿದ್ದರು. ತಿಳಿಯದವರು ಇಡೀ ಡಿಸ್ಕನ್ನು ಅಳಿಸಿ, ಮುಂದೆಂದಾದರೂ ವಿಸ್ತಾಕ್ಕೆ ಮರಳುವ ಬಾಗಿಲನ್ನೂ ಮುಚ್ಚಿಕೊಳ್ಳುತ್ತಿದ್ದರು.

ಅನಂತರ ಎಕ್ಸ್‌ಪಿಯ ಸಿ.ಡಿ. ಹಾಕಿ ಯಂತ್ರ ಆರಂಭಿಸಿದರೆ ಮೊದಲ ಆಘಾತ. ಹಾರ್ಡ್ ಡಿಸ್ಕ್ ಕಂಡುಬಂದಿಲ್ಲ ಎಂಬ ಸಂದೇಶ, ಇಲ್ಲವೇ 7ಬಿ ಎಂದು ಕೊನೆಗೊಳ್ಳುವ ಸಂಖ್ಯೆಯ ನೀಲಿ ಪರದೆ. ಡಿಸ್ಕ್ ಎದುರಿಗೇ ಇದೆ, ಇದೀಗ ವಿಸ್ತಾ ಅದರಲ್ಲಿ ನಡೆಯುತ್ತಿತ್ತು, ಕಾಣುವುದಿಲ್ಲ ಎಂದರೇನು? ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕನ್ನು ಎಎಚ್‌ಸಿಐ ಎಂಬ ಹೊಸ ಪದ್ಧತಿಯಲ್ಲಿ ಜೋಡಿಸಲಾಗುತ್ತಿತ್ತು. 2001ರಲ್ಲಿ ಸಿದ್ಧವಾದ ಎಕ್ಸ್‌ಪಿಗೆ ಆ ಭಾಷೆ ಬಾರದು. ಇದಕ್ಕೆ ಎಕ್ಸ್‌ಪಿಯಲ್ಲೇ ಒಂದು ಉಪಾಯವಿತ್ತು: ಆರಂಭದಲ್ಲಿ ಎಫ್-6 ಕೀಲಿ ಒತ್ತಿ, ಹೊಸ ಡ್ರೈವರನ್ನು ಫ್ಲಾಪಿಯಿಂದ ಕೊಡುವುದು. ಆದರೆ 2007ರ ಲ್ಯಾಪ್‌ಟಾಪಿನಲ್ಲಿ ಫ್ಲಾಪಿ ಎಲ್ಲಿಂದ ಬರಬೇಕು? ಕೆಲವರು ಹೊರಗಿನಿಂದ ಜೋಡಿಸುವ ಯುಎಸ್‌ಬಿ ಫ್ಲಾಪಿ ಡ್ರೈವ್ ಹುಡುಕಿದರು. ಕೆಲವರು ಎನ್‌ಲೈಟ್ ಎಂಬ ತಂತ್ರಾಂಶದಿಂದ ಡ್ರೈವರನ್ನು ಒಳಗೇ ಸೇರಿಸಿ ಬೇರೆ ಸಿ.ಡಿ. ತಯಾರಿಸಿದರು. ಅತಿ ಸುಲಭದ ದಾರಿ ಯಂತ್ರದ ಬಯಾಸ್‌ಗೆ ಹೋಗಿ ಡಿಸ್ಕನ್ನು ಹಳೆಯ ಐಡಿಇ ಪದ್ಧತಿಗೆ ಬದಲಿಸುವುದು. ಎಲ್ಲ ತಯಾರಕರ ಬಯಾಸ್‌ನಲ್ಲೂ ಆ ಆಯ್ಕೆ ಇರುತ್ತಿರಲಿಲ್ಲ ಎಂಬುದೇ ಕಷ್ಟ.

ಅಂತೂ ಎಕ್ಸ್‌ಪಿ ಒಳಗೆ ಬಂತು. ಆಗ ಎರಡನೇ ಆಘಾತ. ಪರದೆಯ ಅಕ್ಷರಗಳು ಹಿಗ್ಗಿ ಕಾಣುತ್ತವೆ, ಶಬ್ದವಿಲ್ಲ, ವೈಫೈ ಇಲ್ಲ, ತಂತಿಯ ನೆಟ್‌ವರ್ಕೂ ಇಲ್ಲ. ಡ್ರೈವರುಗಳು ಇಂಟರ್‌ನೆಟ್ಟಿನಲ್ಲಿವೆ, ಡ್ರೈವರ್ ಇಲ್ಲದೆ ಇಂಟರ್‌ನೆಟ್ ಇಲ್ಲ. ಸೈಬರ್ ಕೆಫೆಗೆ ಪೆನ್ ಡ್ರೈವ್ ಹಿಡಿದು ಓಡುವುದೇ ಪರಿಹಾರ. ಅಲ್ಲಿಯೂ ತಯಾರಕರ ತಾಣದಲ್ಲಿ ಆ ಮಾದರಿಗೆ ವಿಸ್ತಾ ಡ್ರೈವರುಗಳು ಮಾತ್ರ ಇರುವ ಸಂಭವವೇ ಹೆಚ್ಚು. ಆಗ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಒತ್ತಿ, ಆ ಬಿಡಿಭಾಗದ ತಯಾರಕನ ಸಂಖ್ಯೆ ಮತ್ತು ಭಾಗದ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಂಡು, ಅದೇ ಭಾಗ ಇರುವ ಬೇರೆ ಮಾದರಿಯ ಎಕ್ಸ್‌ಪಿ ಡ್ರೈವರನ್ನು ಪತ್ತೆ ಮಾಡಬೇಕು. ಶಬ್ದದ ಡ್ರೈವರ್ ಕೂರಬೇಕಿದ್ದರೆ, ಎರಡನೇ ಸರ್ವೀಸ್ ಪ್ಯಾಕಿನ ಎಕ್ಸ್‌ಪಿಯಲ್ಲಿ ಅದಕ್ಕೂ ಮುನ್ನ ಮೈಕ್ರೋಸಾಫ್ಟಿನ ಬೇರೊಂದು ಸಣ್ಣ ತೇಪೆ ಹಾಕಬೇಕಿತ್ತು. ಲ್ಯಾಪ್‌ಟಾಪಿನ ಒಳಗೆ ಏನೇನಿದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಆಗ ಇರಲಿಲ್ಲ ಎಂದರೂ ತಪ್ಪಲ್ಲ.

ಕನ್ನಡ ಮತ್ತು ಉರ್ದು ಓದುವವರಿಗೆ ಮೂರನೆಯದೊಂದು ಕಾದಿರುತ್ತಿತ್ತು. ಯುನಿಕೋಡ್ ಕನ್ನಡಕ್ಕೆ ವಿಂಡೋಸಿನಲ್ಲಿ ಮೊದಲ ಬಾರಿಗೆ ಸ್ಥಾನ ದೊರೆತದ್ದು ಎಕ್ಸ್‌ಪಿಯಲ್ಲೇ. ತುಂಗಾ ಎಂಬ ಅಕ್ಷರವಿನ್ಯಾಸ ಅದರೊಂದಿಗೆ ಬಂತು. ಆದರೆ ಅದು ತಾನಾಗಿ ಕೆಲಸ ಮಾಡುತ್ತಿರಲಿಲ್ಲ. ಕಂಟ್ರೋಲ್ ಪ್ಯಾನಲಿನ ಭಾಷೆಗಳ ವಿಭಾಗಕ್ಕೆ ಹೋಗಿ, ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಸೇರಿ ಇದ್ದ ಒಂದು ಚೌಕಕ್ಕೆ ಗುರುತು ಹಾಕಿ, ಎಕ್ಸ್‌ಪಿಯ ಸಿ.ಡಿ.ಯನ್ನು ಮತ್ತೆ ತುರುಕಬೇಕಿತ್ತು. ಅಲ್ಲಿಯವರೆಗೆ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು, ಇಲ್ಲವೇ ಬರಿಯ ಚೌಕಗಳು ಕಾಣುತ್ತಿದ್ದವು. ಕನ್ನಡ, ಅರಬಿ, ಉರ್ದು ಮೂರೂ ಒಂದೇ ಚೌಕದ ಗುರುತಿಗೆ ಕಾದು ಕುಳಿತಿದ್ದವು! ವಿಸ್ತಾದಲ್ಲಿ ಈ ಗೋಜಲಿಲ್ಲ. ಎಲ್ಲ ಲಿಪಿಗಳೂ ಮೊದಲಿನಿಂದಲೇ ಸಿದ್ಧ. ನುಡಿ ಮತ್ತು ಬರಹದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡುತ್ತಿದ್ದವರಿಗೆ ಇದರ ಅರಿವಾಗಲಿಲ್ಲ, ಏಕೆಂದರೆ ಅವು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದಂಥವು. ಇಂಟರ್‌ನೆಟ್ಟಿನಲ್ಲಿ ಕನ್ನಡ ಓದತೊಡಗಿದ್ದ ಹೊಸ ತಲೆಮಾರಿಗೆ ಮಾತ್ರ ಹಿಂದಿರುಗುವುದರ ಬೆಲೆ ಅಲ್ಲಿ ತಿಳಿಯಿತು.

ಇನ್ನೂ ದೊಡ್ಡ ಬೆಲೆಯೊಂದಿತ್ತು. ಎಕ್ಸ್‌ಪಿಯಲ್ಲಿ ಮನೆಬಳಕೆದಾರರು ಸಾಮಾನ್ಯವಾಗಿ ಪೂರ್ಣ ಅಧಿಕಾರದ ಖಾತೆಯಲ್ಲೇ ಕೆಲಸ ಮಾಡುತ್ತಿದ್ದರು. ಒಳಹೊಕ್ಕ ವೈರಸ್ಸಿಗೂ ಅದೇ ಅಧಿಕಾರ ಸಿಗುತ್ತಿತ್ತು. ವಿಸ್ತಾ ಹೆಜ್ಜೆಹೆಜ್ಜೆಗೆ ಅನುಮತಿ ಕೇಳಿ ಜನರಿಗೆ ಕಿರಿಕಿರಿ ಮಾಡಿತು ನಿಜ, ಆದರೆ ಆ ಕಿರಿಕಿರಿಯಲ್ಲಿ ಅರ್ಥವಿತ್ತು. 2008ರ ಅಕ್ಟೋಬರ್ 23ರಂದು ಮೈಕ್ರೋಸಾಫ್ಟ್ ಒಂದು ತುರ್ತು ತೇಪೆಯನ್ನು ಪ್ರಕಟಿಸಿತು. ಅದೇ ದೋಷ ಎಕ್ಸ್‌ಪಿಯಲ್ಲಿ ಅತ್ಯಂತ ಗಂಭೀರ ದರ್ಜೆಯದು, ವಿಸ್ತಾದಲ್ಲಿ ಅದಕ್ಕಿಂತ ಒಂದು ದರ್ಜೆ ಕೆಳಗಿನದು. ಮುಂದಿನ ತಿಂಗಳು ಬಂದ ಕಾನ್‌ಫಿಕರ್ ವರ್ಮ್ ಆ ದೋಷದ ಮೂಲಕವೇ ಹರಡಿತು. ಅದರ ನಂತರದ ರೂಪಗಳು ಪೆನ್ ಡ್ರೈವಿನ ಮೂಲಕವೂ ಸಾಗಿದವು. ಸಿಕ್ಕಿಬೀಳುವ ಭಯದಿಂದ ಅಪ್‌ಡೇಟ್ ನಿಲ್ಲಿಸಿಕೊಂಡಿದ್ದ ಕಳ್ಳಪ್ರತಿಯ ಬಳಕೆದಾರರ ಪಾಡನ್ನು ಹೇಳುವುದೇ ಬೇಡ.

ಉಳಿಸಿರೆಂಬ ಕೂಗು

ಎಕ್ಸ್‌ಪಿಯ ಮಾರಾಟವನ್ನು ನಿಲ್ಲಿಸಲು ಮೈಕ್ರೋಸಾಫ್ಟ್ ಮೊದಲು 2008ರ ಜನವರಿಯನ್ನು ಗೊತ್ತುಮಾಡಿ, ಒತ್ತಡ ಬಂದಾಗ ಅದನ್ನು ಜೂನ್ 30ಕ್ಕೆ ಮುಂದೂಡಿತು. ಗ್ರಾಹಕರ ಬೇಡಿಕೆಗೆ ಮಣಿದು ಡೆಲ್ ಕಂಪನಿ 2007ರ ಏಪ್ರಿಲ್‌ನಲ್ಲೇ ಮನೆಬಳಕೆಯ ಕೆಲವು ಯಂತ್ರಗಳಿಗೆ ಎಕ್ಸ್‌ಪಿಯ ಆಯ್ಕೆಯನ್ನು ಮರಳಿ ತಂದಿತ್ತು. ಎಕ್ಸ್‌ಪಿಯನ್ನು ಉಳಿಸಿ ಎಂದು ಅಮೆರಿಕದ ಇನ್ಫೋವರ್ಲ್ಡ್ ಪತ್ರಿಕೆ 2008ರ ಆರಂಭದಲ್ಲಿ ಸಹಿ ಸಂಗ್ರಹ ಶುರುಮಾಡಿತು. ಎರಡು ಲಕ್ಷಕ್ಕೂ ಹೆಚ್ಚು ಸಹಿಗಳು ಬಂದವು. ಕಂಪನಿ ಕದಲಲಿಲ್ಲ, ಜೂನ್ 30ಕ್ಕೆ ಮಾರಾಟ ನಿಂತಿತು.

ಎರಡು ಲಕ್ಷ ಸಹಿಗಳಿಂದ ಆಗದ ಕೆಲಸ ಏಳು ಅಂಗುಲದ ಒಂದು ಯಂತ್ರದಿಂದ ಆಯಿತು. 2007ರ ಕೊನೆಯಲ್ಲಿ ತೈವಾನಿನ ಆಸುಸ್ ಕಂಪನಿ ಈ-ಪಿಸಿ ಎಂಬ ಪುಟ್ಟ ಅಗ್ಗದ ಲ್ಯಾಪ್‌ಟಾಪನ್ನು ಹೊರತಂದಿತ್ತು. ವಿಸ್ತಾ ಅದರಲ್ಲಿ ಹಿಡಿಸುವಂತೆಯೇ ಇರಲಿಲ್ಲ. ಅದು ನಡೆಯುತ್ತಿದ್ದದ್ದು ಉಚಿತ ಲಿನಕ್ಸ್‌ನಿಂದ. ಬಡವರ ಲ್ಯಾಪ್‌ಟಾಪ್ ಲಿನಕ್ಸ್‌ನ ಪಾಲಾಗುವ ಸೂಚನೆ ಕಂಡ ಮೈಕ್ರೋಸಾಫ್ಟ್, 2008ರ ಏಪ್ರಿಲ್‌ನಲ್ಲಿ ಇಂಥ ಚಿಕ್ಕ ಯಂತ್ರಗಳಿಗೆ ಮಾತ್ರ ಎಕ್ಸ್‌ಪಿ ಹೋಮ್ ಮಾರಾಟವನ್ನು 2010ರವರೆಗೆ ಮುಂದುವರಿಸುವುದಾಗಿ ಘೋಷಿಸಿತು. ಎಕ್ಸ್‌ಪಿ ಕಾಲಬಾಹಿರವಾಯಿತು ಎಂಬ ವಾದ ಎದುರಾಳಿಯನ್ನು ಕಂಡೊಡನೆ ಕರಗಿತು.

ವಿಸ್ತಾದ ಬಗ್ಗೆ ಪೂರ್ವಗ್ರಹವೂ ಇತ್ತೆಂಬುದನ್ನು ಮರೆಯಬಾರದು. 2008ರಲ್ಲಿ ಮೈಕ್ರೋಸಾಫ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಸ್ತಾವನ್ನು ದ್ವೇಷಿಸುವವರನ್ನು ಕರೆಸಿ, ಮೊಹಾವಿ ಎಂಬ ಹೊಸ ವಿಂಡೋಸ್ ಎಂದು ಹೇಳಿ ವಿಸ್ತಾವನ್ನೇ ತೋರಿಸಿತು. ಅವರು ಮೆಚ್ಚಿಕೊಂಡರು. ಕಂಪನಿ ಇದನ್ನೇ ಜಾಹೀರಾತು ಮಾಡಿತು. ಅಲ್ಲಿ ತೋರಿಸಿದ್ದು ಒಳ್ಳೆಯ ಯಂತ್ರದಲ್ಲಿ, ಕಂಪನಿಯವರೇ ಎಲ್ಲವನ್ನೂ ಹೊಂದಿಸಿಟ್ಟು. 512 ಎಂಬಿಯ ಅಗ್ಗದ ಲ್ಯಾಪ್‌ಟಾಪಿನಲ್ಲಿ ಅಲ್ಲ.

2009ರ ಅಕ್ಟೋಬರ್ 22ರಂದು ವಿಂಡೋಸ್ 7 ಬಂದ ಮೇಲೆ ಮನೆಗಳಲ್ಲಿ ಹಿಂದಿರುಗುವ ಭರಾಟೆ ಇಳಿಯಿತು. ಅಷ್ಟರಲ್ಲಿ ಮೆಮೊರಿ ಅಗ್ಗವಾಗಿತ್ತು, ಡ್ರೈವರುಗಳು ಸಿದ್ಧವಾಗಿದ್ದವು. ಎಕ್ಸ್‌ಪಿಗೆ ಭದ್ರತಾ ಬೆಂಬಲ 2014ರ ಏಪ್ರಿಲ್ 8ರಂದು ಕೊನೆಗೊಂಡಿತು. ಆದರೂ 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ದಾಳಿ ನಡೆದಾಗ ಮೈಕ್ರೋಸಾಫ್ಟ್ ಎಕ್ಸ್‌ಪಿಗೂ ಒಂದು ತುರ್ತು ತೇಪೆ ಕೊಡಬೇಕಾಯಿತು. ವಿಸ್ತಾದ ಬೆಂಬಲ ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಮುಗಿದಿತ್ತು.

ಹಕ್ಕಿನ ಗೆರೆ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು. 2012ರ ವಿಂಡೋಸ್ 8ರಲ್ಲಿ ಪ್ರೊ ಆವೃತ್ತಿ ಇದ್ದವರು ವಿಂಡೋಸ್ 7ಕ್ಕೆ ಹಿಂದಿರುಗಬಹುದಿತ್ತು, ಸಾಮಾನ್ಯ ಆವೃತ್ತಿಯವರು ಹಾಗೆ ಮಾಡುವಂತಿರಲಿಲ್ಲ. 2015ರಲ್ಲಿ ವಿಂಡೋಸ್ 10ಕ್ಕೆ ಬದಲಾದವರಿಗೆ ಮನಸ್ಸು ಬದಲಿಸಲು 30 ದಿನಗಳ ಅವಕಾಶವಿತ್ತು. ಮರುವರ್ಷ ಅದನ್ನು 10 ದಿನಕ್ಕೆ ಇಳಿಸಲಾಯಿತು. 2021ರಲ್ಲಿ ಬಂದ ವಿಂಡೋಸ್ 11ಕ್ಕೂ ಅದೇ 10 ದಿನ. ಹೊಸ ಲ್ಯಾಪ್‌ಟಾಪಿನೊಂದಿಗೆ ವಿಂಡೋಸ್ 11 ಪ್ರೊ ಪಡೆದವರಿಗೆ ವಿಂಡೋಸ್ 10 ಪ್ರೊಗೆ ಇಳಿಯುವ ಹಕ್ಕನ್ನು ಪರವಾನಗಿ ಪತ್ರ ಕೊಟ್ಟಿತು. ಹೋಮ್ ಪಡೆದವರಿಗೆ ಕೊಡಲಿಲ್ಲ.